ಮ್ಯಾಲಿನ ಮಹಡಿ ಖಾಲಿ ಐತೇನ್ರಿ?

ಆಫೀಸು ಬಾಡಿಗೆಗೆ ಕೊಡಿಸುವ ದಂಧೆಗೆ ಇಳಿದ ಮೇಲೆ ನಗದೆ ಮನೆಗೆ ಹೋದ ದಿನ ನನಗೆ ನೆನಪಿಲ್ಲ. ಮೊದಲು ನಾನು ಕೊಪ್ಪಳದ ಕೋರ್ಟಿನ ಹತ್ತಿರ ಬಾಡಿಗೆ ಕರಾರು ಟೈಪ್ ಮಾಡುತ್ತಿದ್ದೆ. ಯಾರ ಕಟ್ಟಡ ಖಾಲಿ ಇದೆ, ಯಾರಿಗೆ ಜಾಗ ಬೇಕಾಗಿದೆ ಎಂಬುದೆಲ್ಲ ನನಗೇ ಮೊದಲು ಗೊತ್ತಾಗುತ್ತಿತ್ತು. ಹಾಗಿದ್ದ ಮೇಲೆ ನಾನೇ ಯಾಕೆ ಕೊಡಿಸಬಾರದು ಅನ್ನಿಸಿತು. ಒಂದು ಸ್ಕೂಟಿ, ಒಂದು ಅಳತೆ ಟೇಪು, ಎರಡು ಫೋನು, ಇಷ್ಟೇ ಬಂಡವಾಳ.

ಆಗ ನಮ್ಮ ಕಡೆ ಕಟ್ಟಡ ಕಟ್ಟಿಸಿದವರೆಲ್ಲ ಕೆಳಗೆ ಅಂಗಡಿ ಇಡಿಸಿ, ಮೇಲೆ ಮೆಕ್ಕೆಜೋಳದ ಚೀಲ ಒಟ್ಟುತ್ತಿದ್ದರು. ಮೆಟ್ಟಿಲು ಹತ್ತಿ ಬರುವ ಗಿರಾಕಿ ಯಾರು ಅಂತ. ಈಗ ನೋಡಬೇಕು! ವಿಮೆಯವರು, ಕೋಚಿಂಗಿನವರು, ಫೈನಾನ್ಸಿನವರು, ಸೋಲಾರಿನವರು, ಎಲ್ಲರಿಗೂ ಮೇಲಿನ ಮಹಡಿಯೇ ಬೇಕು, ಮುಂದೆ ಗಾಜೇ ಇರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಸ್ಕೂಟಿ ಓಡಿಸಿದರೂ ಸಾಲುತ್ತಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಫೋನು: "ಅಕ್ಕಾರ, ಮ್ಯಾಲಿನ ಮಹಡಿ ಖಾಲಿ ಐತೇನ್ರಿ?"

ಒಮ್ಮೆ ನಾನು ಸ್ನಾನಕ್ಕೆ ಹೋಗಿದ್ದಾಗ ನಮ್ಮ ಮನೆಯವರು ಆ ಫೋನು ತೆಗೆದುಕೊಂಡಿದ್ದರು. ಬಚ್ಚಲಿಗೆ ಕೇಳಿಸುವಷ್ಟು ಜೋರಾಗಿ ಹೇಳುತ್ತಿದ್ದರು: "ನಂದು ಖಾಲಿ ಐತಿ ಅಂತ ನನ್ನ ಹೆಂಡ್ತಿ ದಿನಾ ಹೇಳ್ತಾಳ್ರಿ. ಬೇಕಾದ್ರ ಬಂದು ನೋಡ್ರಿ."

ಮೂರು ವರ್ಷ ಕೀಲಿ

ಗಾಳಿಯಿಂದ ವಿದ್ಯುತ್ ತಯಾರಿಸುವ ಕಂಪನಿಯೊಂದು ಯಲಬುರ್ಗಾದಲ್ಲಿ ಆಫೀಸು ಹುಡುಕುತ್ತಿತ್ತು. ಮಂಗಳೂರಿನ ಒಬ್ಬ ಅಮ್ಮನವರದು ಅಲ್ಲಿ ರಸ್ತೆಗೇ ಹೊಂದಿ ಹೊಸ ಕಟ್ಟಡವಿತ್ತು. ಮಂಗಳೂರು ಅಂದರೆ ಸಮುದ್ರದ್ದಲ್ಲ, ನಮ್ಮ ಯಲಬುರ್ಗಾ ಕಡೆಯದು. ಕಂಪನಿಯವರು ಇಬ್ಬರು ತರುಣರು, ಅಮ್ಮನವರ ಮನೆಗೇ ಬಂದು ಒಂದೊಂದೇ ಷರತ್ತು ಓದಿದರು. ಎಲ್ಲದಕ್ಕೂ ತಲೆಯಾಡಿಸುತ್ತಿದ್ದ ಅಮ್ಮ, "ಲಾಕ್-ಇನ್ ಮೂರು ವರ್ಷ" ಅಂದಕೂಡಲೇ ಎದ್ದು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಏನವ್ವಾ ಇದು? ಮೂರು ವರ್ಷ ಒಳಗ ಹಾಕಿ ಕೀಲಿ ಜಡೀಬೇಕಂತ? ಎಳೀ ಹುಡುಗ್ರು ಅದಾವ. ಅವಕ್ಕ ಊಟ-ನೀರು ಯಾರ ಕೊಡಬೇಕು? ನನಗ ಈ ಬಾಡಿಗೀನ ಬ್ಯಾಡ."

ನಗು ತಡೆದುಕೊಂಡು ತಿಳಿಸಿ ಹೇಳಿದೆ. "ಹಂಗಲ್ರಿ ಅಮ್ಮಾರ. ಮೂರು ವರ್ಷ ಆಗೋತನಕ ಅವರು ಬಿಟ್ಟು ಹೋಗೂ ಹಂಗಿಲ್ಲ, ನೀವು ಬಿಡಸೂ ಹಂಗಿಲ್ಲ. ಒಬ್ಬರಿಗೊಬ್ಬರು ಹೊಂದಿಕೊಂಡು ಇರಬೇಕು, ಅಷ್ಟ."

ಅಮ್ಮನವರ ಮುಖ ಅರಳಿತು. ಪಡಸಾಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ ಯಜಮಾನರ ಕಡೆಗೆ ಗದ್ದ ಎತ್ತಿ ತೋರಿಸಿದರು.

"ಹಂಗ ಹೇಳಬಾರದೇನವ್ವ! ಮೂರು ವರ್ಷ ಯಾವ ಲೆಕ್ಕ? ಇವರ ಕೂಡ ನಂದು ನಲವತ್ತನೇ ವರ್ಷದ ಲಾಕ್-ಇನ್ ನಡದೈತಿ."

ಲಿಫ್ಟು

ಕುಷ್ಟಗಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಎರಡು ಮಹಡಿಯ ಕಟ್ಟಡ ಎಬ್ಬಿಸುತ್ತಿದ್ದರು. "ಲಿಫ್ಟ್ ಇದ್ರ ದೊಡ್ಡ ಆಫೀಸಿನವರು ಬರ್ತಾರ್ರಿ ಸರ್" ಎಂದು ಹೇಳಿಕೊಟ್ಟವಳು ನಾನೇ. ಮಾಸ್ತರರು ಹಾಕಿಸಿಯೇ ಬಿಟ್ಟರು. ಮೇಲಿನ ಮಹಡಿಗೆ ಒಂದು ವಿಮೆ ಆಫೀಸೂ ಬಂತು.

ವಾರ ಕಳೆಯುವುದರೊಳಗೆ ಊರಿಗೆಲ್ಲ ಸುದ್ದಿ. ಸಂತೆ ಮುಗಿಸಿದ ಹೆಂಗಸರು ಕಾಯಿಪಲ್ಯೆ ಚೀಲದ ಸಮೇತ ಬರತೊಡಗಿದರು. "ಒಂದ ಸಲ ಮ್ಯಾಲ ಹೋಗಿ ಬರ್ತೇವ್ರಿ ಸರ್." ಒಬ್ಬ ಅಜ್ಜಿ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಲಿಫ್ಟಿನೊಳಗೆ ಹೋದಳು. ಮಾಸ್ತರರಿಗೆ ಇದರಿಂದ ಎಲ್ಲಿಲ್ಲದ ಹುರುಪು. ಬಾಗಿಲಲ್ಲಿ ನಿಂತು ಬಸ್ ಕಂಡಕ್ಟರ್ ಹಾಗೆ, "ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗಾ ಐತಿ" ಎನ್ನುತ್ತಿದ್ದರು.

ವಿಮೆ ಆಫೀಸಿನ ಮ್ಯಾನೇಜರ್ ನನಗೆ ಫೋನು ಮಾಡಿ ಸಿಡಿದರು. "ಮೇಡಂ, ಲಿಫ್ಟಿನ್ಯಾಗ ಬಂದವರೆಲ್ಲ ನಮ್ಮ ಫ್ಯಾನಿನ ಕೆಳಗ ಕುಂದ್ರತಾರ. ಒಬ್ಬಾಕಿ ಮೆಂತೆ ಪಲ್ಯೆ ಸೋಸಾಕತ್ತಾಳ. ನಾವು ಆಫೀಸ್ ಖಾಲಿ ಮಾಡ್ತೇವಿ."

ಆಫೀಸು ಖಾಲಿಯಾದರೆ ಮಾಸ್ತರರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಸ್ಕೂಟಿ ಹತ್ತಿ ಕುಷ್ಟಗಿಗೆ ಓಡಿದೆ. ನಾನು ಹೋಗುವ ಹೊತ್ತಿಗೆ ಕರೆಂಟು ಹೋಗಿ, ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ಆರು ಜನ ಹೆಂಗಸರು, ಅವರ ಜೊತೆಗೆ ಅದೇ ವಿಮೆ ಆಫೀಸಿನ ಒಬ್ಬ ಏಜೆಂಟ್. ಮಾಸ್ತರರು ಹೊರಗಿನಿಂದ "ಅಂಜಬ್ಯಾಡ್ರಿ, ಉಸಿರಾಡ್ರಿ" ಎಂದು ಕೂಗುತ್ತಿದ್ದರು. ಒಳಗಿನಿಂದ ಅಳು ಕೇಳುತ್ತದೆಂದು ಕಿವಿಗೊಟ್ಟರೆ, ಏಜೆಂಟನ ದನಿಯೊಂದೇ ಕೇಳುತ್ತಿತ್ತು, ತಡೆಯಿಲ್ಲದೆ.

ಅರ್ಧ ತಾಸಿನ ಮೇಲೆ ಕರೆಂಟು ಬಂತು, ಬಾಗಿಲು ತೆರೆಯಿತು. ಆರೂ ಜನ ಪಾಲಿಸಿ ಮಾಡಿಸಲು ಒಪ್ಪಿದ್ದರು! ಜೀವದ ಬೆಲೆ ಅವರಿಗೆ ಅಷ್ಟು ಚೆನ್ನಾಗಿ ಹಿಂದೆಂದೂ ತಿಳಿದಿರಲಿಲ್ಲವಂತೆ.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ಖಾಲಿ ಮಾಡುವ ಮಾತೇ ಇಲ್ಲ. ದನಿ ತಗ್ಗಿಸಿ ಕೇಳಿದರು: "ಮೇಡಂ, ದಿನಾ ಒಮ್ಮೆ ಹಿಂಗ ಕರೆಂಟ್ ಹೋಗುವಂಗ ಏನರ ವ್ಯವಸ್ಥಾ ಐತೇನ್ರಿ?"

ಕುರ್ಚಿ ಬಾಡಿಗೆ

ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರಿಗೆ ಖಾಲಿ ಹಾಲ್ ಇತ್ತು. ಇತ್ತೀಚೆಗೆ ಕೋ-ವರ್ಕಿಂಗ್ ಅಂತ ಬಂದಿದೆಯಲ್ಲ, ಅದನ್ನು ಮಾಡಿಸಿದೆ. ಒಂದೇ ಹಾಲ್, ಒಂದೇ ಇಂಟರ್ನೆಟ್. ಬೇಕಾದವರು ತಿಂಗಳಿಗೆ ಒಂದು ಕುರ್ಚಿ, ಒಂದು ಟೇಬಲ್ ಬಾಡಿಗೆಗೆ ಹಿಡಿದು ತಮ್ಮ ತಮ್ಮ ಕೆಲಸ ಮಾಡಿಕೊಳ್ಳುವುದು. ಸಾಹುಕಾರರಿಗೆ ಖುಷಿಯೋ ಖುಷಿ. ಬೋರ್ಡು ತಾವೇ ಬರೆಸುವುದಾಗಿ ಹಟ ಹಿಡಿದರು. ಬರೆಸಿದ್ದು ಹೀಗೆ: "ಇಲ್ಲಿ ಕುರ್ಚಿ ಮತ್ತು ಟೇಬಲ್ ಬಾಡಿಗೆಗೆ ಸಿಗುತ್ತವೆ."

ಮೂರನೇ ದಿನ ಒಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. "ಸೋಮವಾರ ಲಗ್ನ ಐತ್ರಿ. ಮುನ್ನೂರು ಕುರ್ಚಿ ಬೇಕು. ಅಡಿಗಿ ಪಾತ್ರೀನೂ ಅದಾವೇನು?"

ಸಾಹುಕಾರರು ಆಗಲೇ ನನಗೆ ಫೋನು ಮಾಡಿದರು. "ಏನಮ್ಮಾ, ನಿಮ್ಮ ಕೋ-ವರ್ಕಿಂಗಿಗೆ ಎಂಟು ಮಂದಿ ಬಂದಾರ. ನನ್ನ ಬೋರ್ಡಿಗೆ ಒಂದ ಏಟಿಗೆ ಮುನ್ನೂರು! ಮಾರ್ಕೆಟ್ ಯಾ ಕಡೆ ಹೊಂಟೈತಿ ಅಂತ ಈಗರ ಗೊತ್ತಾತೇನು?"

ನಮ್ಮ ಮ್ಯಾನೇಜರ್

ಗಿಣಿಗೇರಾದ ಫ್ಯಾಕ್ಟರಿಗಳಿಗೆ ಲಾರಿ ಒದಗಿಸುವ ಹುಬ್ಬಳ್ಳಿಯ ಕಂಪನಿಯೊಂದಕ್ಕೆ ಕೊಪ್ಪಳದಲ್ಲಿ ಇಡೀ ಮಹಡಿ ಬೇಕಾಗಿತ್ತು. ಅಲ್ಲಿಯವರೆಗೆ ನಾನು ಕೊಡಿಸಿದ್ದೆಲ್ಲ ಒಂದು ಕೋಣೆ, ಎರಡು ಕೋಣೆ. ಇಡೀ ಮಹಡಿ ಅಂದಾಗ ರಾತ್ರಿ ನಿದ್ದೆಯೇ ಬರಲಿಲ್ಲ. ಫೋನಿನಲ್ಲೇ ಎಲ್ಲ ಮಾತೂ ಆಗಿತ್ತು. ಕೊನೆಗೆ ಆ ಕಂಪನಿಯ ಮ್ಯಾನೇಜರ್, "ನಾಳೆ ಹನ್ನೊಂದಕ್ಕ ನಿಮ್ಮ ಆಫೀಸಿಗೆ ಬರ್ತೇನ್ರಿ" ಅಂದುಬಿಟ್ಟರು.

ನನ್ನ ಆಫೀಸು! ಊರಿಗೆಲ್ಲ ಆಫೀಸು ಕೊಡಿಸಿದ ನನಗೆ ಆಫೀಸೇ ಇರಲಿಲ್ಲ. ಸ್ಕೂಟಿಯ ಡಿಕ್ಕಿಯೇ ನನ್ನ ಕಪಾಟು. ಇಲ್ಲ ಅಂದರೆ ಬೇರೆ ಏಜೆಂಟರ ಕಡೆ ಹೋಗುತ್ತಾರೆಂಬ ಭಯಕ್ಕೆ, ಅವರಿಗೆ ತೋರಿಸಬೇಕೆಂದಿದ್ದ ಖಾಲಿ ಮಹಡಿಯ ವಿಳಾಸವನ್ನೇ ನನ್ನ ಆಫೀಸಿನದೆಂದು ಹೇಳಿದೆ.

ಮರುದಿನ ಬೆಳಿಗ್ಗೆ ಕಟ್ಟಡದ ಮಾಲೀಕರ ಕೈಕಾಲು ಹಿಡಿದು ಎರಡು ಟೇಬಲ್ ತರಿಸಿದೆ. ಮನೆಯಿಂದ ಕ್ಯಾಲೆಂಡರು, ಹೂದಾನಿ, ಹಳೇ ಫೈಲು ತಂದೆ. ಎಲ್ಲ ಸರಿ, ಆದರೆ ಅಷ್ಟು ದೊಡ್ಡ ಆಫೀಸಿನಲ್ಲಿ ನಾನೊಬ್ಬಳೇ? ಎದುರಿಗೆ ಚಹಾದ ಅಂಗಡಿ. ಅಂಗಡಿಯ ಅಣ್ಣನಿಗೆ ಗಂಭೀರವಾದ ಬಿಳಿ ಮೀಸೆ. ಓಡಿದೆ.

"ಅಣ್ಣಾ, ಒಂದು ತಾಸು ನಮ್ಮ ಆಫೀಸಿಗೆ ಮ್ಯಾನೇಜರ್ ಆಗ್ರಿ."

"ನಾನಾ? ನನಗೇನ ಬರ್ತೈತಿ ತಂಗಿ?"

"ಏನೂ ಬರೋದು ಬ್ಯಾಡ. ಕನ್ನಡಕ ಹಾಕ್ಕೊಂಡು ಫೈಲ್ ತಿರುವ್ರಿ. ಯಾರ ಏನ ಕೇಳಿದ್ರೂ 'ನೋಡೋಣ್ರಿ' ಅನ್ರಿ."

"ಅಷ್ಟ ಸಾಕೇನು?"

"ದೊಡ್ಡ ದೊಡ್ಡ ಆಫೀಸಿನ್ಯಾಗೂ ಅಷ್ಟ ನಡೀತೈತಿ ಅಣ್ಣಾ."

ಅಣ್ಣ ಹೆಗಲ ಮೇಲಿನ ಟವೆಲು ತೆಗೆದು, ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬಂದು ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತ.

ಹನ್ನೊಂದಕ್ಕೆ ಸರಿಯಾಗಿ ಹುಬ್ಬಳ್ಳಿಯವರು ಬಂದರು. "ನಾವು ಬ್ಯಾರೆ ಕಡೆ ಹೊಂಟೇವ್ರಿ, ಈ ಮಹಡೀನ ನಿಮಗ ಬಿಟ್ಟುಕೊಡ್ತೇವಿ" ಅಂದೆ. ಕಿಟಕಿ ತೆರೆದರು, ನಲ್ಲಿ ತಿರುಗಿಸಿದರು, ಮೂಲೆ ಮೂಲೆ ನೋಡಿದರು. ಆಮೇಲೆ ನಮ್ಮ ಮ್ಯಾನೇಜರ್ ಕಡೆ ತಿರುಗಿ ಕೇಳಿದರು: "ನೀರಿನ ತೊಂದ್ರಿ ಏನರ ಐತೇನ್ರಿ?"

"ನೋಡೋಣ್ರಿ."

"ನೀವು ಇಲ್ಲಿ ಎಷ್ಟು ವರ್ಷದಿಂದ ಅದೀರಿ?"

"ನೋಡೋಣ್ರಿ."

ಟೇಬಲ್ ಕೆಳಗೆ ಅಣ್ಣನ ಕಾಲು ತುಳಿದೆ. ಅಷ್ಟರಲ್ಲಿ ಬೀದಿಯಿಂದ ಯಾರೋ "ಅಣ್ಣಾ, ಎರಡು ಚಹಾ!" ಎಂದು ಕೂಗಿದರು. ನಮ್ಮ ಮ್ಯಾನೇಜರ್ "ಆತ್ರೀ, ತಂದೆ!" ಎಂದು ಜಿಗಿದೆದ್ದು ಬಾಗಿಲವರೆಗೆ ಹೋಗಿಯೇಬಿಟ್ಟ. ಬಾಗಿಲಲ್ಲಿ ನೆನಪಾಗಿ, ಮೀಸೆ ತೀಡಿಕೊಂಡು ಮೆಲ್ಲಗೆ ವಾಪಸು ಬಂದು ಕುಳಿತ.

"ನಮ್ಮ ಮ್ಯಾನೇಜರಿಗೆ ಸ್ಟಾಫಿನ ಮ್ಯಾಲ ಭಾಳ ಕಾಳಜಿ ರೀ" ಅಂದೆ.

ಹುಬ್ಬಳ್ಳಿಯವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. "ಜಾಗಾ ಪಸಂದ ಆತ್ರಿ ಮೇಡಂ. ಗಾಳಿ-ಬೆಳಕು ಛಲೋ ಐತಿ. ಕರಾರು ಇವತ್ತ ಮಾಡಿಬಿಡೋಣು."

ಇಡೀ ಮಹಡಿ! ಎದ್ದು ಕುಣಿಯಬೇಕು ಅನ್ನಿಸಿತು. ಅವರು ಕೈ ಎತ್ತಿ ತಡೆದರು.

"ಆದ್ರ ಒಂದು ವಿಷಯಕ್ಕ ಮನಸ್ಸಿಗೆ ಭಾಳ ಬ್ಯಾಸರ ಆಗೇತ್ರಿ."

"ನೋಡೋಣ್ರಿ" ಅಂದ ನಮ್ಮ ಅಣ್ಣ.

"ಮುಂಜಾನೆ ಲಗೂನ ಬಂದಿದ್ದೆ. ನೀವು ಇವರನ್ನ ಮ್ಯಾನೇಜರ್ ಮಾಡೂಮುಂದ ನಾನು ಬಾಜೂಕ ನಿಂತು ಚಹಾ ಕುಡಿಯಾಕತ್ತಿದ್ದೆ. ನಾ ಮ್ಯಾನೇಜರ್ ಆಗಾಕ ಹದಿನಾಲ್ಕು ವರ್ಷ ಹಿಡೀತು. ಇವರು ನನ್ನ ಅರ್ಧಾ ಕಪ್ ಚಹಾ ಮುಗಿಯೋದ್ರೊಳಗ ಆಗಿಬಿಟ್ರಲ್ರಿ!"