ಚಕ್ರ ಹತ್ತದ ಹರಕೆ

ಅಜ್ಜಿಯ ಬಲಗಣ್ಣಿನ ಪೊರೆ ತೆಗೆದು ಕಟ್ಟು ಬಿಚ್ಚಿದಾಗ ಅವಳು ಮೊದಲು ನೋಡಿದ್ದು ನನ್ನನ್ನು. ಆಮೇಲೆ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅಪ್ಪ ಅವಳನ್ನು ಆಸ್ಪತ್ರೆ ಹತ್ತಿರದ ನೆಂಟರ ಮನೆಯಲ್ಲಿ ಬಿಟ್ಟು ಬಂದು ಅದನ್ನು ಮನೆಮಂದಿಗೆಲ್ಲ ಪ್ರಕಟಿಸಿದರು: ಕಣ್ಣು ಸರಿಹೋದರೆ ಸುಮ ನಡೆದುಕೊಂಡೇ ಮನೆದೇವರಿಗೆ ಬರುತ್ತಾಳೆ ಎಂದು ಅಜ್ಜಿ ಹರಕೆ ಹೊತ್ತಿದ್ದಾಳೆ. ಶ್ರೀರಂಗಪಟ್ಟಣದ ಪಕ್ಕದ ನಮ್ಮೂರಿನಿಂದ ನಾಗಮಂಗಲದಾಚೆಯ ಬೆಟ್ಟದವರೆಗೆ, ಬರಿಗಾಲಲ್ಲಿ, ಚಕ್ರವಿರುವ ಯಾವುದನ್ನೂ ಹತ್ತದೆ. ಕಣ್ಣು ಅಜ್ಜಿಯದು, ಕಾಲು ನನ್ನದು.

ನಾನು ಒಪ್ಪಿದೆ. ಊರಿನ ಮಹಿಳಾ ಡೇರಿಯಲ್ಲಿ ಹಾಲು ಅಳೆದು, ಫ್ಯಾಟು ನೋಡಿ ಬರೆದಿಡುವುದು ನನ್ನ ಕೆಲಸ. ಬರೆದಿಟ್ಟರೆ ಯಾವುದೂ ಕಷ್ಟವಲ್ಲ ಎಂಬುದು ನನ್ನ ನಂಬಿಕೆ. ದೂರ ಐವತ್ತೆಂಟು ಕಿಲೋಮೀಟರು. ಮೂರು ದಿನಕ್ಕೆ ಹಂಚಿದರೆ ಇಪ್ಪತ್ತು, ಇಪ್ಪತ್ತೆರಡು, ಹದಿನಾರು. ಭಾನುವಾರ ಮಧ್ಯಾಹ್ನದ ಮಂಗಳಾರತಿಯೊಳಗೆ ನಾನು ಬೆಟ್ಟದಲ್ಲಿರಬೇಕು. ನೆಂಟರ ಮನೆಯಿಂದ ನೇರ ಅಪ್ಪನ ಜೊತೆ ಕಾರಿನಲ್ಲಿ ಬರುವ ಅಜ್ಜಿ ನಾನು ನಡೆದು ಬರುವುದನ್ನು ಹೊಸ ಕಣ್ಣಿನಿಂದ ನೋಡುತ್ತಾಳೆ. ಹರಕೆ ತಪ್ಪಿದರೆ ಆ ಕಣ್ಣಿಗೆ ಏನಾದೀತೋ ಎಂಬ ಅಳುಕು ಮನೆಯಲ್ಲಿ ಎಲ್ಲರಿಗೂ ಇತ್ತು. ಕಾಲು ನನ್ನದಾದ್ದರಿಂದ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಶುಕ್ರವಾರ ಬೆಳಿಗ್ಗೆ 5.10ಕ್ಕೆ ಹೊರಟೆವು. ಬೆಟ್ಟಕ್ಕೆ ನಡೆದು ಹೋಗುವ ಊರಿನ ತಂಡ, ಒಟ್ಟು ಹದಿನಾಲ್ಕು ಜನ. ಮುಂದಾಳು ಕೆಂಪಣ್ಣ, ಹನ್ನೊಂದು ಸಲ ನಡೆದ ಅನುಭವಸ್ಥರು. ನನ್ನ ಕಾವಲಿಗೆ ಅಪ್ಪನ ತಂಗಿ ಜಯತ್ತೆ.

ನಡೆಯುವಾಗ ದೊಡ್ಡ ದೊಡ್ಡ ಯೋಚನೆಗಳು ಬರುತ್ತವೆ ಎಂದು ಕೇಳಿದ್ದೆ. ಅದಕ್ಕಾಗಿ ಡೈರಿಯಲ್ಲಿ ನಾಲ್ಕು ಪುಟ ಖಾಲಿ ಬಿಟ್ಟಿದ್ದೆ. ಮೂರನೇ ಕಿಲೋಮೀಟರಿಗೆ ನನ್ನಲ್ಲಿದ್ದ ಯೋಚನೆಗಳೆಲ್ಲ ಮುಗಿದವು, ಮದುವೆಯ ವಿಚಾರವೂ ಸೇರಿ. ಇನ್ನು ಐವತ್ತೈದು ಕಿಲೋಮೀಟರು ಬಾಕಿ! ಆಮೇಲೆ ಸಿಕ್ಕಿದ್ದನ್ನೆಲ್ಲ ಎಣಿಸತೊಡಗಿದೆ. ಪಾಂಡವಪುರ ದಾಟುವಷ್ಟರಲ್ಲಿ ಕಬ್ಬಿನ ಟ್ರಾಕ್ಟರು ಮೂವತ್ತೊಂದು, ನಮ್ಮನ್ನು ನೋಡಿ ಬೊಗಳಿದ ನಾಯಿ ಒಂಬತ್ತು, ನೋಡಿಯೂ ಬೊಗಳದ ನಾಯಿ ನಾಲ್ಕು. ಇನ್ನೆಷ್ಟು ದೂರ ಎಂದು ಕೇಳಿದ್ದು ಹನ್ನೆರಡು ಜನರನ್ನು. ಹನ್ನೆರಡೂ ಜನ "ಇಲ್ಲೇ ಅತ್ರ" ಎಂದರು. ಆ "ಇಲ್ಲೇ"ಯ ಸರಾಸರಿ ಉದ್ದ ಮೂರೂವರೆ ಕಿಲೋಮೀಟರು.

ಕೆಂಪಣ್ಣ ಕೆ.ಆರ್. ಪೇಟೆಯ ಸಂತೆಯಲ್ಲಿ ಎಮ್ಮೆ ತಂದ ಕಥೆ ಹೇಳಿದರು. ಮೊದಲ ಸಲ ಹೇಳಿದಾಗ ಆ ಎಮ್ಮೆ ಎಂಟು ಲೀಟರು ಹಾಲು ಕೊಡುತ್ತಿತ್ತು. ಐದನೇ ಸಲಕ್ಕೆ ಹದಿನಾರು. ನನ್ನ ವೃತ್ತಿಯ ಅನುಭವದ ಪ್ರಕಾರ ಹಾಲು ಇಷ್ಟು ಬೇಗ ಏರಬೇಕಾದರೆ ಯಾರಾದರೂ ನೀರು ಬೆರೆಸಬೇಕು.

ಮೊದಲ ರಾತ್ರಿ ತಂಗುವ ತೊಣ್ಣೂರಿನ ಕೆರೆ ನೋಡುವ ಆಸೆಯೊಂದಿತ್ತು. ಸೇರಿದ ಕೂಡಲೇ ಅತ್ತೆ ಊಟದ ಸಾಲಿನಲ್ಲಿ ನಿಲ್ಲಿಸಿದರು, ಊಟವಾದ ಮೇಲೆ ಮಲಗಿಸಿದರು, ನಸುಕಿನಲ್ಲಿ ಎಬ್ಬಿಸಿ ಹೊರಡಿಸಿದರು. ಡೈರಿಯಲ್ಲಿದೆ: ಕೆರೆ ನೋಡಿದ್ದು, ಸೊನ್ನೆ.

ಶನಿವಾರ 10.40ಕ್ಕೆ ರಸ್ತೆಬದಿಯ ಹುಣಸೆಮರದಡಿ ಎಲ್ಲರೂ ವಿಶ್ರಾಂತಿಗೆ ಉರುಳಿದರು. ನಾನು ಒರಗಿದ ಕಡೆ ಕಟ್ಟಿರುವೆ. ಪಕ್ಕದಲ್ಲೇ ಕಬ್ಬು ಇಳಿಸಿ ಬಂದ ಖಾಲಿ ಟ್ರಾಕ್ಟರೊಂದು ನಿಂತಿತ್ತು. ಡ್ರೈವರ್ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ. ಟ್ರೈಲರಿನ ತಳದಲ್ಲಿ ಒಣಗಿದ ಕಬ್ಬಿನ ಸೋಗೆ, ಹಾಸಿಗೆಯಂತೆ. ಹರಕೆಯ ನಿಯಮವನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಚಕ್ರ ಎಂದರೆ ಉರುಳುವಂಥದ್ದು. ನಿಂತ ಚಕ್ರ ಚಕ್ರವಲ್ಲ. ಹತ್ತಿ ಮಲಗಿದೆ.

ಎಚ್ಚರವಾದಾಗ ತಂಪು ಗಾಳಿ ಬೀಸುತ್ತಿತ್ತು. ದೇವರ ದಯೆ ಎಂದುಕೊಂಡೆ. ಕಣ್ಣು ಬಿಟ್ಟರೆ ಮರಗಳು ಹಿಂದಕ್ಕೆ ಓಡುತ್ತಿದ್ದವು!

ಕೂಗಿದೆ. ಟ್ರಾಕ್ಟರಿನ ಸ್ಪೀಕರಿನಲ್ಲಿ ಹಾಡು ಅಬ್ಬರಿಸುತ್ತಿತ್ತು. ನನ್ನ ಕೂಗು ನನಗೇ ಕೇಳಲಿಲ್ಲ. ಕಬ್ಬಿನ ತುಂಡು ಎಸೆದೆ, ರಸ್ತೆಗೆ ಬಿತ್ತು. ನೀರಿನ ಬಾಟಲಿ ಎಸೆದೆ, ಅದು ಚರಂಡಿಗೆ. ಕೊನೆಗೆ ಉಳಿದಿದ್ದ ಒಂದು ಬಾಳೆಹಣ್ಣನ್ನು ಗುರಿಯಿಟ್ಟು ಎಸೆದೆ. ಅದು ಸರಿಯಾಗಿ ಡ್ರೈವರನ ತೊಡೆಯ ಮೇಲೆ ಬಿತ್ತು. ಅವನು ಹಿಂದಿರುಗಿ ನೋಡಲಿಲ್ಲ. ಸುಲಿದು ತಿಂದ.

ಆರು ಕಿಲೋಮೀಟರು ಆಚೆ, ಮುಂದಿನ ಹಳ್ಳಿಯ ಕಬ್ಬಿನ ಗದ್ದೆಯ ಬಳಿ ಟ್ರಾಕ್ಟರು ನಿಂತಿತು. ಪಾಂಡವಪುರದ ಅನ್ವರಣ್ಣ ಅಂತ ಅವನ ಹೆಸರು. ಮೈತುಂಬ ಸೋಗೆ ಅಂಟಿಸಿಕೊಂಡು ಟ್ರೈಲರಿನಿಂದ ಎದ್ದ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಯಾ ಅಲ್ಲಾ. ಎಲ್ಲಿಂದ ಬಂದ್ರಕ್ಕ ನೀವು?"

ಬಾಳೆಹಣ್ಣು ಎಸೆದವಳು ನಾನೇ ಎಂದೆ.

"ರೋಡಲ್ಲಿ ನಡ್ಯೋರ್ಗೆಲ್ಲ ಅಣ್ಣು ಕೊಡ್ತಾವ್ರಲ್ಲ. ನಂಗೂ ಯಾರೋ ಎಸುದ್ರು ಅಂದ್ಕಂಡೆ," ಎಂದ. ಪಾಪ, ಬಹಳ ನೊಂದುಕೊಂಡ. ಈಗಲೇ ವಾಪಸ್ ಬಿಟ್ಟು ಬರುತ್ತೇನೆ ಎಂದು ಟ್ರಾಕ್ಟರು ತಿರುಗಿಸಲೂ ಹೊರಟ.

ನಾನು ಅತ್ತೆಗೆ ಫೋನ್ ಮಾಡಿದೆ. ಅಲ್ಲಿ ಎಲ್ಲರೂ ಆಗಷ್ಟೇ ಎದ್ದಿದ್ದರು. ಹುಣಸೆಮರದಡಿ ಕೂಡಲೇ ನ್ಯಾಯಪಂಚಾಯಿತಿ ಸೇರಿತು. ಸ್ಪೀಕರ್ ಫೋನಿನಲ್ಲಿ ವಿಚಾರಣೆ. ಚಕ್ರದಲ್ಲಿ ಮುಂದೆ ಹೋದದ್ದು ಚಕ್ರದಲ್ಲೇ ಹಿಂದೆ ಬಂದರೆ ವಜಾ ಆಗುತ್ತದೆ ಎಂದು ಅತ್ತೆ ನನ್ನ ಪರ ವಾದಿಸಿದರು. ಲೆಕ್ಕವೂ ಅವರ ಕಡೆಗೇ ಇತ್ತು. ಆರು ಕೂಡಿಸಿ ಆರು ಕಳೆದರೆ ಸೊನ್ನೆ.

"ದೇವ್ರು ನಿನ್ನ ಡೇರಿ ಅಲ್ಲ ಕಣವ್ವ, ಕೂಡಿ ಕಳ್ಯಕೆ," ಎಂದರು ಕೆಂಪಣ್ಣ. "ಒಂದ್ಸಲ ಅತ್ತುದ್ರೆ ಒಂದ್ ತಪ್ಪು, ಎಲ್ಡು ಸಲ ಅತ್ತುದ್ರೆ ಎಲ್ಡು ತಪ್ಪು. ಎಲ್ಲಿ ಕಾಲು ನೆಲ ಬುಡ್ತೋ ಅಲ್ಲಿಗೆ ನಡ್ಕಂಡು ಬಂದು, ಅಲ್ಲಿಂದ ತಿರ್ಗ ನಡೀಬೇಕು. ಎಲ್ಲಿ ಅತ್ತುದ್ದು ನೀನು?"

ಅತ್ತೆ ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು: "ಇಳ್ದಿರೋ ಜಾಗದತ್ರನೇ ಎಲ್ಲೋ ಅನ್ನೇ, ಗ್ಯಾನ ಇಲ್ಲ ಅನ್ನು."

ಅಷ್ಟು ಅಂದಿದ್ದರೆ ಸಾಕಾಗಿತ್ತು. ನಾನು ಹತ್ತಿದ್ದನ್ನು ಒಬ್ಬರೂ ನೋಡಿರಲಿಲ್ಲ. ಆದರೆ ಅಷ್ಟರಲ್ಲಿ ನಾನು ಡೈರಿ ತೆರೆದು, ಡೇರಿಯಲ್ಲಿ ಫ್ಯಾಟು ಓದುವ ದನಿಯಲ್ಲಿ ಓದಿಬಿಟ್ಟಿದ್ದೆ: "ಶನಿವಾರ, 10.40. ಹುಣಸೆಮರ. ಇಪ್ಪತ್ತೇಳು ಕಿಲೋಮೀಟರ್ ನಾನೂರು ಮೀಟರ್. ಟ್ರೈಲರ್ ಹತ್ತಿದೆ. ನೆರಳು ಚೆನ್ನಾಗಿದೆ."



"ಇವ್ಳ ಓದ್ಸುದ್ದೇ ತಪ್ಪು," ಎಂದರು ಅತ್ತೆ.

ಆರು ಕಿಲೋಮೀಟರು ಹಿಂದಕ್ಕೆ ನಡೆದೆ. ಅರ್ಧದಾರಿಯಲ್ಲಿ ನಮ್ಮವರು ಎದುರಾದರು. ಅವರು ದೇವರ ಕಡೆಗೆ, ನಾನು ನಮ್ಮೂರಿನ ಕಡೆಗೆ. ಕೆಂಪಣ್ಣನ ಎಮ್ಮೆ ಹದಿನೆಂಟು ಲೀಟರು ಮುಟ್ಟಿತ್ತು. ಅತ್ತೆ ಒಂದು ಪೊಟ್ಟಣ ಮೊಸರನ್ನ ಕೊಟ್ಟು, ಮುಖ ನೋಡದೆ ಮುಂದೆ ಹೋದರು.

ಹುಣಸೆಮರದ ಹತ್ತಿರ ಬಂದರೆ ಇನ್ನೂರು ಮೀಟರ್ ಅಂತರದಲ್ಲಿ ಎರಡು ಹುಣಸೆಮರ! ಎರಡರ ಪಕ್ಕದಲ್ಲೂ ಟೀ ಅಂಗಡಿ. ಯಾವುದಕ್ಕೂ ಇರಲಿ ಎಂದು ಎರಡನ್ನೂ ಮುಟ್ಟಿ ನಮಸ್ಕಾರ ಹಾಕಿ ಮತ್ತೆ ಮುಂದಕ್ಕೆ ನಡೆದೆ. ತಂಗುವ ಜಾಗ ಸೇರುವಷ್ಟರಲ್ಲಿ ಎರಡು ಪಾದಗಳಲ್ಲಿ ಒಟ್ಟು ಹನ್ನೊಂದು ಬೊಬ್ಬೆ. ಬಲಕ್ಕೆ ಆರು, ಎಡಕ್ಕೆ ಐದು.

ಭಾನುವಾರದ ಹದಿನಾರು ಕಿಲೋಮೀಟರನ್ನು ನಾನು ನಡೆದೆ ಎನ್ನುವುದು ಸುಳ್ಳಾಗುತ್ತದೆ. ತೆವಳಿದೆ. 11.20ಕ್ಕೆ ಬೆಟ್ಟದ ಬುಡ ಕಂಡಿತು. ಕಪ್ಪು ಕನ್ನಡಕ ಹಾಕಿದ ಅಜ್ಜಿ ಕಾರಿನ ನೆರಳಲ್ಲಿ ಕೂತಿದ್ದಳು. ನನ್ನನ್ನೇ ದಿಟ್ಟಿಸುತ್ತಿದ್ದಳು. ಗೆದ್ದೆ ಎನಿಸಿ ಕಣ್ಣಲ್ಲಿ ನೀರು ಬಂತು.

"ಕುಂಟ್ಕಂಡು ಬತ್ತಾವ್ಳಲ್ಲ, ಯಾವ ಮುದ್ಕಿನಪ್ಪ ಅಂತ ಆಗ್ಲಿಂದ ನೋಡ್ತಿವ್ನಿ. ನೀನಾ?" ಎಂದಳು. ಆಮೇಲೆ ನನ್ನ ಪಾದ ನೋಡಿ ಗಾಬರಿಯಾದಳು. "ಏನಾಯ್ತೇ ಕಾಲ್ಗೆ?"

ಮನೆಯಿಂದ ನಡೆದು ಬಂದೆನಲ್ಲ ಎಂದೆ.

"ಯಾಕೆ?" ಎಂದಳು ಅಜ್ಜಿ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಾರಿನ ಬಾನೆಟ್ ಎತ್ತಿ ಒಳಗೆ ಇಣುಕತೊಡಗಿದರು.

"ನಾ ಯೋಳಿದ್ದು ಈ ಮೆಟ್ಲ ಕಣೆ," ಎಂದಳು ಅಜ್ಜಿ. "ಜೀಪ್ ರೋಡ್ ಆದ್ ಮ್ಯಾಲೆ ಯಾರೂ ಮೆಟ್ಲ ಅತ್ತಕಿಲ್ಲ. ನನ್ ಮೊಮ್ಮಗ್ಳು ನಡ್ಕಂಡು ಅತ್ತಿ ಬತ್ತಾಳೆ ಅಂದಿದ್ದೆ. ಬುಡದ್ ಗಂಟ ಬಸ್ಸಲ್ ಬರದಲ್ವಾ?"

ಮೆಟ್ಟಿಲು ಇನ್ನೂರ ಹನ್ನೆರಡು. ಅರವತ್ನಾಲ್ಕು ಕಿಲೋಮೀಟರು ಯಾರೂ ಕೇಳದೆ ನಡೆದ ನಾನು, ಕೇಳಿದ್ದ ಇನ್ನೂರ ಹನ್ನೆರಡರಲ್ಲಿ ನಲವತ್ತು ಹತ್ತುವಷ್ಟರಲ್ಲಿ ನಿಂತೆ. ಕಾಲು ಊರಲಾಗಲಿಲ್ಲ. ಮಂಗಳಾರತಿಗೆ ಇನ್ನು ಇಪ್ಪತ್ತೇ ನಿಮಿಷ. ಮೆಟ್ಟಿಲಿಗೆ ಬೆನ್ನು ತಿರುಗಿಸಿ ಕೂತೆ. ಕೈ ಊರಿ, ಕೂತಲ್ಲಿಂದಲೇ ಒಂದೊಂದು ಮೆಟ್ಟಿಲು ಹಿಂದಕ್ಕೆ ಏರತೊಡಗಿದೆ. ಅಜ್ಜಿ ಸೀರೆ ಎತ್ತಿ ಸಿಕ್ಕಿಸಿ, ನನ್ನನ್ನು ದಾಟಿ ಮೇಲೆ ಹೋದಳು.

ಮೇಲಿನಿಂದ ಇಳಿಯುತ್ತಿದ್ದ ಒಬ್ಬ ಹೆಂಗಸು ನಿಂತು ಕೈಮುಗಿದಳು. ಕೂತು ಹತ್ತುವ ಹರಕೆಯನ್ನು ತಾನು ಈವರೆಗೆ ಕಂಡೇ ಇಲ್ಲ ಎಂದು ಭಕ್ತಿಯಿಂದ ನನ್ನ ಪಾದ ಹಿಡಿದಳು. ಸರಿಯಾಗಿ ಬೊಬ್ಬೆಯ ಮೇಲೆ! ನಾನು ಕಿರುಚಿದ ರಭಸಕ್ಕೆ ಅವಳು ನನ್ನ ಮೈಮೇಲೆ ದೇವರು ಬಂತೆಂದು ನಿಶ್ಚಯಿಸಿ, ತನ್ನ ಮಗಳ ಮದುವೆ ಎಂದಾಗುತ್ತದೆ ಎಂದು ಕೇಳಿದಳು. ಇಲ್ಲೇ ಹತ್ತಿರದಲ್ಲೇ ಇದೆ ಎಂದೆ. ಬಿಟ್ಟಳು.

ಗುಡಿಯ ಹೊಸ್ತಿಲು ಮುಟ್ಟುವಾಗ ಮಂಗಳಾರತಿಯ ಗಂಟೆ ಬಾರಿಸಿತು. ಅಜ್ಜಿ ಕನ್ನಡಕ ತೆಗೆದು ದೇವರನ್ನು ನೇರವಾಗಿ ನೋಡುತ್ತ ನಿಂತಿದ್ದಳು.

"ಉಡ್ಗಿ ಬಂದವ್ಳೆ ಕಣಪ್ಪ. ಎಂಗೋ ಒಂದ್ ಬಂದವ್ಳೆ. ಒಪ್ಪಿಸ್ಕೊ," ಎಂದು ಬೇಡಿಕೊಂಡಳು. ಪೂಜಾರಿಗಳು ತಲೆಯಾಡಿಸಿದರು. ಹರಕೆ ತೀರಿತು. ಎಲ್ಲ ನೋವೂ ಇಳಿದಂತಾಯಿತು.

ಅಷ್ಟರಲ್ಲಿ ಅಜ್ಜಿ ಮತ್ತೆ ಕೈಮುಗಿದು, "ಇನ್ನು ಎಡಗಣ್ಣಿಂದು..." ಎಂದು ಶುರುಮಾಡಿದಳು.

ಇನ್ನೊಂದು ಮೆಟ್ಟಿಲನ್ನೂ ನಡೆದು ಹತ್ತಲಾಗದಿದ್ದ ನಾನು ಎರಡೇ ನೆಗೆತಕ್ಕೆ ಅಂಕಣ ದಾಟಿ ಅವಳ ಬಾಯಿ ಮುಚ್ಚಿದೆ.

ಅಜ್ಜಿ ನಿಧಾನವಾಗಿ ನನ್ನ ಕೈ ಸರಿಸಿದಳು. "ನಿನ್ನೆಸ್ರು ಯಾರೇ ಯೋಳುದ್ರು? ನಿನ್ನ ನಂಬ್ಕಂಡು ಇರೋ ಇನ್ನೊಂದು ಕಣ್ಣೂ ಕಳ್ಕಳನಾ? ಈ ಸಲ ನಾನೇ ನಡೀತೀನಿ ಅಂತಿದ್ದೆ."

ಪೂಜಾರಿಗಳು ಅಜ್ಜಿಯ ಕೈಗೆ ಹೂವು ಕೊಟ್ಟರು. ನನಗೆ ಕನಿಕರದಿಂದ ಮೂಲೆಯ ಕಟ್ಟೆ ತೋರಿಸಿ, ಕೂತುಕೋ ತಾಯಿ ಎಂದರು. ನೂರ ಎಪ್ಪತ್ತೆರಡು ಮೆಟ್ಟಿಲನ್ನು ಕೂತೇ ಹತ್ತಿದ ಮೇಲೆ ಕೂರುವ ಸ್ಥಿತಿಯಲ್ಲೂ ನಾನು ಇರಲಿಲ್ಲ.