ಎರಡು ಸೀಟು ಸಾಕು

ಆ ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು ಪಡಸಾಲೆಯ ನಡುವೆ ನಿಂತು, ಸ್ಟೂಲಿನ ಮೇಲಿದ್ದ ಹೊಸ ಯಂತ್ರದ ಮೇಲಿನ ಟಾವೆಲ್ಲನ್ನು ಎಳೆದರು. ನಾನು ಗಂಭೀರವಾಗಿ ಕುಳಿತಿದ್ದೆ. ಅವರ ಹಿಂದಿನ ಯಂತ್ರ ರೊಟ್ಟಿ ಬಡಿಯುವುದಾಗಿತ್ತು. ಅದು ಬಡಿದ ಮೊದಲ ರೊಟ್ಟಿಯ ಗುರುತು ಅಡಿಗೆಮನೆಯ ಚಾವಣಿಗೆ ಇನ್ನೂ ಅಂಟಿಕೊಂಡಿದೆ. ಆದ್ದರಿಂದ ನನಗೆ ನಗು ಬರುವ ಪ್ರಶ್ನೆಯೇ ಇರಲಿಲ್ಲ.

ಟಾವೆಲ್ಲಿನ ಕೆಳಗಿದ್ದದ್ದು ಮದುವೆಯಲ್ಲಿ ಹುಗ್ಗಿ ಬಡಿಸುವ ಸ್ಟೀಲ್ ಬಕೀಟು. ಅದಕ್ಕೆ ಎರಡು ಕ್ಯಾಮೆರಾ ಕಣ್ಣು, ಒಂದು ಸ್ಪೀಕರು, ಉದ್ದನೆಯ ಕಾಗದದ ಸುರುಳಿ ಹೊರಬರುವ ಒಂದು ಸೀಳು.

“ಇದರ ಹೆಸರು ಇಂಗಿತ!” ಎಂದರು ನಮ್ಮವರು. ಇವರು ಶಿವಯೋಗಿ ಹಂಪಿಹೊಳಿ, ಧಾರವಾಡದ ಐಟಿಐಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. “ಮಂದಿ ಬಾಯಿಲೆ ಏನ್ ಅಂತಾರ ಅನ್ನೂದಲ್ಲ ಕಸ್ತೂರಿ, ಅವರ ಮನಸಿನ್ಯಾಗ ಏನೈತಿ ಅನ್ನೂದನ್ನ ಇದು ಹಿಡೀತೈತಿ!”

“ಮೂವತ್ತು ವರ್ಷದಾಗ ನನ್ನ ಮನಸಿನ್ಯಾಗ ಏನೈತಿ ಅಂತ ನಿಮಗ ಹಿಡಿಯಾಕ ಆಗಲಿಲ್ಲ. ಬಕೀಟಿಗೆ ಹಿಡೀತೈತೇನು?”

“ಅದಕ್ಕ ಮಾಡೀನಿ!”

ಯಂತ್ರಕ್ಕೆ ನಮ್ಮ ಜನರ ಮಾತಿನ ರೀತಿ ಕಲಿಸಲು ಅವರು ಬಳಗದ ಇಪ್ಪತ್ತೊಂದು ಮದುವೆಗಳ ವಿಡಿಯೊ ತೋರಿಸಿದ್ದರಂತೆ. ನಮ್ಮ ಮದುವೆಯದೂ ಅದರಲ್ಲಿತ್ತು. ಒಳ್ಳೆಯದೇ ಆಯಿತು ಎಂದುಕೊಂಡೆ. ಆ ವಿಡಿಯೊಗಳಲ್ಲಿ ಅಕ್ಷತೆ ಹತ್ತು ನಿಮಿಷವಿದ್ದರೆ ಊಟದ ಪಂಕ್ತಿ ಎರಡು ತಾಸು ಇರುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ನನ್ನ ಅಣ್ಣ ಅಡಿವೆಪ್ಪ, ಅವನ ಹೆಂಡತಿ ನೀಲವ್ವ ವೈನಿ ಬಂದರು. ಅಣ್ಣ ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಇಂಗಿತ ಕೇಳಿತು: “ಬರ್ರಿ ಬರ್ರಿ! ಚಹಾ ತಗೋತೀರಿ?”

ಅಣ್ಣ ಬೆಚ್ಚಿದ. ಆದರೂ ಮರ್ಯಾದಸ್ಥ. “ಬ್ಯಾಡ್ರಿ, ಈಗ ಕುಡುದು ಬಂದೀನಿ.”

“ಇರ್ಲಿ ತಗೋರಿ!” ಎಂದು ಇಂಗಿತ ತನಗೆ ಜೋಡಿಸಿದ್ದ ಥರ್ಮಾಸಿನಿಂದ ಕಪ್ಪಿನ ತುಂಬ ಚಹಾ ಸುರಿಯಿತು. ಅಣ್ಣ ಒಂದೇ ಉಸಿರಿಗೆ ಕುಡಿದು ಮೀಸೆ ಒರೆಸಿಕೊಂಡ. ನಿಜಕ್ಕೂ ಅವನಿಗೆ ಚಹಾ ಬೇಕಾಗಿತ್ತು.

“ನೋಡಿದಿ? ಬಾಯಿ ಬ್ಯಾಡ ಅಂತು, ಮನಸು ಬೇಕು ಅಂತು!” ನಮ್ಮವರು ಕುಣಿಯುವುದೊಂದು ಬಾಕಿ.

ಅಣ್ಣ ಅಂದು ಬಂದದ್ದು ಚಹಾಕ್ಕಲ್ಲ. ಅವನು ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ನಿವೃತ್ತಿಯ ದಿನ ಹಾಕಿದ ಹಾರ ತೆಗೆಯುವ ಮೊದಲೇ ಅವನು ನನಗೊಂದು ಮಾತು ಹೇಳಿದ್ದ: “ತಂಗಿ, ನನ್ನ ಬೆನ್ನ ಹಿಂದ ದಿನಾ ಅರವತ್ತು ಮಂದಿ. ಅವರ ಕೆಮ್ಮು, ಅವರ ಜಗಳ, ಅವರ ಕೋಳಿ. ಒಂದ್ಸಲ ಹಿಂದ ಯಾರೂ ಇರಲಾರದ ಗಾಡಿ ಓಡಸ್ಬೇಕು. ಎರಡ ಸೀಟು. ನಾನು, ಬಾಜೂಕ ಇಕಿ. ಕೆಂಪು ಸ್ಪೋರ್ಟ್ಸ್ ಕಾರು.”

ವೈನಿ ಅವನ ಬಸ್ಸಿನಲ್ಲಿ ನೂರಾರು ಸಲ ತವರಿಗೆ ಹೋಗಿದ್ದಾಳೆ. ಪ್ರತಿ ಸಲವೂ ಅವನ ಬೆನ್ನ ಹಿಂದಿನ ಮಹಿಳೆಯರ ಸೀಟು. ಎದುರಿಗೆ ‘ಚಾಲಕರೊಂದಿಗೆ ಮಾತನಾಡಬಾರದು’ ಎಂಬ ಬೋರ್ಡು. ಅವಳು ಒಂದೇ ಒಂದು ಸಲವೂ ಆ ಬೋರ್ಡನ್ನು ಮೀರಿದವಳಲ್ಲ. ಗಂಡ ಓಡಿಸುವ ಗಾಡಿಯಲ್ಲಿ ಕೂತು ಅವನೊಡನೆ ಮಾತಾಡುವುದೆಂದರೇನು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಈಗ ಆಸೆ ಪೂರೈಸುವ ಕಾಲ ಬಂದಿತ್ತು, ಆದರೆ ತಡಮಾಡುವಂತಿರಲಿಲ್ಲ. ಕಣ್ಣಿನ ಡಾಕ್ಟರು ಅಣ್ಣನಿಗೆ, ಇನ್ನೊಂದು ವರ್ಷ ಗಾಡಿ ಓಡಿಸಲು ಅಡ್ಡಿಯಿಲ್ಲ, ಆಮೇಲೆ ಸ್ಟೇರಿಂಗ್ ಮುಟ್ಟಬೇಡಿ ಎಂದಿದ್ದರು. ಅದನ್ನು ಹೇಳುವಾಗ ಅಣ್ಣ ನಮ್ಮ ಮನೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದ. 

ಕಾರಿನ ಕಂಪನಿಯ ಕಾರ್ಖಾನೆಯಲ್ಲಿ ಮನುಷ್ಯರೇ ಇಲ್ಲ, ಎಲ್ಲ ರೋಬೊಗಳು. ಗಿರಾಕಿ ಏನು ಕೇಳಿದರೂ ಮಾಡಿಕೊಡುತ್ತವೆ, ಆದರೆ ಒಮ್ಮೆ ಹೋದ ಆರ್ಡರು ಹೋದದ್ದೇ. ಏನೇನು ಆರಿಸಬೇಕು ಎಂಬ ಪುಸ್ತಕ ಇನ್ನೂರು ಪುಟ, ಅದೂ ಇಂಗ್ಲಿಷಿನಲ್ಲಿ. ಸೀಟಿನ ಹೊಲಿಗೆಗೆ ಯಾವ ಬಣ್ಣದ ದಾರ ಎನ್ನುವುದಕ್ಕೇ ಅಣ್ಣ ಮೂರು ವಾರ ಯೋಚಿಸಿದ್ದ. ಹೆಣ್ಣು ನೋಡಲು ಹೋದಾಗ ಅವನು ಇಷ್ಟು ಯೋಚಿಸಿರಲಿಲ್ಲ ಎಂದು ವೈನಿಯೇ ಹೇಳಿದಳು.

“ಪುಸ್ತಕ ಯಾಕ್ರಿ ಮಾವಾರ? ಇಂಗಿತ ಕೇಳ್ತೈತಿ, ನೀವು ಹೇಳ್ರಿ, ಅದ ಕಂಪನಿಗೆ ಕಳಸ್ತೈತಿ!” ಎಂದು ನಮ್ಮವರು ಅಣ್ಣನನ್ನು ಬಕೀಟಿನ ಎದುರು ಕೂಡಿಸಿದರು.

“ಬಣ್ಣ?” ಎಂದಿತು ಇಂಗಿತ.

“ಕೆಂಪು.”

“ಬಾಗಲಾ?”

“ಎರಡು. ಮ್ಯಾಲೆ ತಗಿಯೂವಂಥವು.”

ಕಾಗದದ ಸುರುಳಿ ಟಿಕ್ ಟಿಕ್ ಎಂದು ಹೊರಬಂತು, ತುಂಬ ಬರೀ ಅಂಕಿ, ಗೆರೆ. ಓದಲು ಬರುವಂತಿರಲಿಲ್ಲ.

“ಸೀಟು?”

“ಎರಡು.”

“ಎರಡ? ಇನ್ನೆರಡು ಹಾಕ್ತೀನಿ.”

“ಬ್ಯಾಡ್ರಿ. ಎರಡು ಸಾಕು.”

“ಇರ್ಲಿ ತಗೋರಿ! ಇನ್ನೊಂದೀಟು?”

“ಸಾಕ್ರಿ, ಸಾಕು!”

“ನಾಚಬ್ಯಾಡ್ರಿ, ತಗೋರಿ! ಇನ್ನೊಂದ್ ಸಾಲು?”

“ಒಲ್ಲೆ! ಒಲ್ಲೆ ಅಂದ್ರ ಒಲ್ಲೆ!”

ಸುರುಳಿ ಈಗ ಸ್ಟೂಲಿನಿಂದ ಇಳಿದು ನೆಲದ ಮೇಲೆ ಹರಿಯತೊಡಗಿತ್ತು. “ಏನ್ರಿ, ಎರಡು ಸೀಟಿಗೆ ಇಷ್ಟು ಕಾಗದ?” ಎಂದೆ.

“ಅದು ದಾರದ ವಿವರ! ನಡುವ ಬಾಯಿ ಹಾಕಬ್ಯಾಡ, ಯಂತ್ರದ ಏಕಾಗ್ರತೆ ಕೆಡ್ತೈತಿ!”

ಅಣ್ಣ ತನ್ನ ಆಸೆಯ ವಿಷಯದಲ್ಲಿ ಒಂದೂ ತಪ್ಪು ಆಗಬಾರದೆಂದು ಬೇಡವಾದದ್ದನ್ನೆಲ್ಲ ತಾನೇ ನೆನಪಿಸಿಕೊಂಡು ಹೇಳಿದ. ಮೇಲೆ ಹತ್ತುವ ಏಣಿ ಬೇಡ. ಗಂಟೆ ಬೇಡ. ಹಿಡಿದು ನಿಲ್ಲುವ ಸಲಾಕೆ ಬೇಡ. “ಆ ಬೋರ್ಡೊಂದು ಬ್ಯಾಡೇ ಬ್ಯಾಡ್ರಿ, ಚಾಲಕರ ಜೋಡಿ ಮಾತಾಡಬಾರದು ಅನ್ನೂ ಬೋರ್ಡು!” ಎಂದು ವೈನಿಯ ಕಡೆ ನೋಡಿದ. ಕೊನೆಗೆ, “ಹಿಂಗ ತಲಿ ತಿನ್ನೂ ಯಂತ್ರ ಕಾರಿನ್ಯಾಗ ಇರೂದs ಬ್ಯಾಡ!” ಎಂದ. ಪ್ರತಿಯೊಂದಕ್ಕೂ ಇಂಗಿತ ಅದೇ ಸಡಗರದಿಂದ “ಇರ್ಲಿ ತಗೋರಿ!” ಎನ್ನುತ್ತಿತ್ತು.

“ಮಾತಿನ ಧಾಟಿ ಹಂಗ ಐತಿ. ಬಡಿಸೂ ಮಂದಿ ದನಿ ಹಾಕೀನಿ, ಕಿವಿಗೆ ಹಿತ ಅಂತ,” ಎಂದು ನಮ್ಮವರು ಸಮಾಧಾನ ಹೇಳಿದರು.

“ಮತ್ತೇನರ? ಮತ್ತೇನರ? ಮತ್ತೇನರ?” ಇಂಗಿತ ನಿಲ್ಲಲೇ ಇಲ್ಲ. ಅಣ್ಣನ ತಾಳ್ಮೆ ಮುಗಿಯಿತು. ಅವನು ಬಗ್ಗಿ ಎರಡೂ ಅಂಗೈಯಿಂದ ಬಕೀಟಿನ ಬಾಯಿ ಮುಚ್ಚಿದ.

“ಆತ್ರಿ. ಸಂತೋಷ,” ಎಂದಿತು ಇಂಗಿತ ತಟ್ಟನೆ ಮೆತ್ತಗಾಗಿ. ಆರ್ಡರು ಹೋಯಿತು.

ಮೂರು ತಿಂಗಳ ನಂತರ ಕಾರು ಬಂತು, ಯಾರೂ ಓಡಿಸದೆ ತಾನಾಗಿ, ಬೆಳಗಿನ ಹತ್ತು ಗಂಟೆಗೆ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಮ್ಮ ಗೇಟಿನಲ್ಲಿ ನಿಂತಿದ್ದ. ವೈನಿ ಆರತಿ ತಟ್ಟೆ ಹಿಡಿದಿದ್ದಳು. ಓಣಿಯ ತಿರುವಿನಲ್ಲಿ ಕೆಂಪಗೆ ಹೊಳೆಯುವ, ನೆಲಕ್ಕೆ ತಾಗುವಂಥ ಚೂಪು ಮೂತಿ ಕಾಣಿಸಿತು. ಎಂಥ ಚೆಲುವಾದ ಮೂತಿ! ಅಣ್ಣನ ಕಣ್ಣು ತುಂಬಿದವು.

ಮೂತಿ ಗೇಟಿಗೆ ಬಂತು. ಹಿಂದೆ ಕಾರು ಬರುತ್ತಿತ್ತು. ಮೂತಿ ನಮ್ಮ ಗೇಟು ದಾಟಿತು. ಕಾರು ಇನ್ನೂ ಬರುತ್ತಿತ್ತು. ಅದು ನಿಂತಾಗ ಮೂತಿ ಹಿಟ್ಟಿನ ಗಿರಣಿಯ ಎದುರಿಗಿತ್ತು, ಬಾಲ ಇನ್ನೂ ತಿರುವಿನಲ್ಲೇ ಇತ್ತು. ನಡುವೆ ಐವತ್ತೆರಡು ಸೀಟು. ಎಲ್ಲಕ್ಕೂ ಅಣ್ಣ ಆರಿಸಿದ ಅದೇ ಬಂಗಾರ ಬಣ್ಣದ ದಾರದ ಹೊಲಿಗೆ. ಹಿಂದೆ ಏಣಿ, ಒಳಗೆ ಸಲಾಕೆ, ಗಂಟೆ.

 ಅಣ್ಣ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಡ್ಯೂಟಿಗೆ ಹೋಗುವಾಗ ಮಾಡುತ್ತಿದ್ದಂತೆ ಪ್ರತಿ ಟಾಯರನ್ನೂ ಕಾಲಿನಿಂದ ಒದ್ದು ನೋಡಿದ. ಟಾಯರು ಬಹಳ ಇದ್ದುದರಿಂದ ಸಾಕಷ್ಟು ಹೊತ್ತು ಹಿಡಿಯಿತು. ತಿರುಗಿ ಬಂದು, “ಎಂಜಿನ್ ಚಲೋ ಐತಿ,” ಎಂದ. ಅಷ್ಟೇ. ಆ ಮಾತು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

“ಏನ್ ಮಾಡಿದ್ರಿ ಇದು? ಆ ಬಕೀಟಿಗೆ ಏನ್ ಕಲಿಸಿದ್ರಿ?” ಎಂದು ನಮ್ಮವರ ಮೇಲೆ ಹರಿಹಾಯ್ದೆ.

“ಎಲ್ಲಾ ಮದುವಿ ವಿಡಿಯೊದಾಗ ಇದ್ದದ್ದ! ಸಾಕು ಅಂದವ್ರಿಗೆಲ್ಲಾ ಬಡಿಸೂವವ್ರು ಇನ್ನಷ್ಟು ಹಾಕ್ಯಾರ, ಹಾಕಿಸಿಕೊಂಡವ್ರು ಉಂಡಾರ! ನೀನs ನಮ್ಮ ಮದುವ್ಯಾಗ ಎಂಟು ಸಲ ಒಲ್ಲೆ ಅಂದು ಎಂಟು ಸಲ ಹುಗ್ಗಿ ಉಂಡಿ!”

 ಮಾತು ಸುಳ್ಳಲ್ಲ. ಬೇಕು ಎಂದು ಬಾಯಿಬಿಟ್ಟು ಕೇಳುವ ಪೈಕಿ ನಾವ್ಯಾರೂ ಅಲ್ಲ.

ಕಂಪನಿಗೆ ಕೇಳಿದರೆ ಹೊಸ ಆರ್ಡರು ಕೊಡಬಹುದು, ಆದರೆ ಈಗ ಸರದಿ ಉದ್ದವಾಗಿದೆ, ಕಾರು ಬರಲು ಒಂದು ವರ್ಷ ಎಂದರು. ಅಣ್ಣನ ಬಳಿ ಆ ವರ್ಷ ಇರಲಿಲ್ಲ. ಅವನು ಆಮೇಲೆ ಮೇಲಕ್ಕೆ ತೆರೆಯುವ ಆ ಬಾಗಿಲು ಎತ್ತಿ, “ನಡಿ, ಕೂಡು,” ಎಂದು ವೈನಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡ. ನಾವಿಬ್ಬರೂ ಹಿಂದಿನ ಮೊದಲ ಸಾಲಿನಲ್ಲಿ ತಪ್ಪಿತಸ್ಥರ ಹಾಗೆ ಕುಳಿತೆವು.

ವೈನಿಯ ಎದುರಿಗೇ, ಕಾರಿನ ಕ್ಯಾಮೆರಾದ ಕೆಳಗೆ, ಬಂಗಾರದ ಅಕ್ಷರದ ಬೋರ್ಡಿತ್ತು: ‘ಚಾಲಕರೊಂದಿಗೆ ಮಾತನಾಡಬಾರದು’. ಅವಳು ಅದನ್ನು ಓದಿದಳು. ಸೆರಗು ಹೊದ್ದು ಸುಮ್ಮನೆ ಕುಳಿತಳು.

ಸವದತ್ತಿ ರಸ್ತೆ ಹಿಡಿದೆವು. ಗಾಡಿ ನಿಜಕ್ಕೂ ಹೂವಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಆದರೆ ಅಮ್ಮಿನಬಾವಿಯ ಸ್ಟಾಪಿನಲ್ಲಿ ಜನ ಕೈ ಮಾಡಿದರು. ಮೂವತ್ತೆರಡು ವರ್ಷದ ಕಾಲು, ಅಣ್ಣನನ್ನು ಕೇಳದೆಯೇ ಬ್ರೇಕ್ ಒತ್ತಿತು!

“ಹತ್ತಬ್ಯಾಡ್ರಿ! ಇದು ಸ್ಪೋರ್ಟ್ಸ್ ಕಾರು!” ಎಂದು ನಮ್ಮವರು ಕೂಗಿದರು.

“ಇರ್ಲಿ ಹತ್ರಿ!” ಎಂದಿತು, ಅಣ್ಣ ಬೇಡವೆಂದದ್ದಕ್ಕೇ ಕಾರಿನೊಳಗೂ ಬಂದು ಕೂತಿದ್ದ ಇಂಗಿತ. ಐವತ್ತು ಜನ, ಎರಡು ಚೀಲ ಈರುಳ್ಳಿ, ಒಂದು ಕೋಳಿ ಒಳಗೆ ಬಂದವು. ಅಣ್ಣ ಹಿಂದೆ ತಿರುಗಿ ನೋಡಲಿಲ್ಲ. ಅವನ ಕಿವಿ ಮಾತ್ರ ಕೆಂಪಾಯಿತು.

ಎರಡು ಮೈಲಿ ಹೋಗಿರಬೇಕು, ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು: “ಸಾಕೋ ಯಪ್ಪಾ, ಇಲ್ಲೇ ಇಳಸು!”

“ಇರ್ಲಿ ತಗೋರಿ!” ಎಂದು ಗಾಡಿ ವೇಗ ಹೆಚ್ಚಿಸಿತು.

“ಏ, ಸಾಕು ನಿಲ್ಲಸ್ರೀ!” ಎಂದರು ನಾಲ್ಕು ಜನ. ಗಾಡಿ ಇನ್ನಷ್ಟು ಓಡಿತು. ಅಣ್ಣ ಬ್ರೇಕ್ ಒತ್ತಿದ. “ನಾಚಬ್ಯಾಡ್ರಿ!” ಎಂದಿತು ಇಂಗಿತ. ಬ್ರೇಕ್ ಒತ್ತುವುದನ್ನೂ ಅದು ಉಪಚಾರದ ಮಾತೆಂದೇ ತಿಳಿದಿತ್ತು. ಐವತ್ತು ಜನ ಒಟ್ಟಿಗೆ “ಸಾಕು! ಸಾಕು! ಸಾಕು!” ಎಂದು ಬೊಬ್ಬೆ ಹೊಡೆದರು. ಅದು ನಿಜವಾಗಿ ಸ್ಪೋರ್ಟ್ಸ್ ಕಾರು ಎಂಬುದು ಎಲ್ಲರಿಗೂ ಖಾತ್ರಿಯಾದದ್ದು ಆಗಲೇ. ಕಿಟಕಿಯಾಚೆ ಜೋಳದ ಹೊಲಗಳು ಬರೀ ಹಸಿರು ಗೆರೆಯಾಗಿದ್ದವು.

“ಬಂದ್ ಮಾಡ್ರಿ ಇದನ್ನ!” ಎಂದು ನಮ್ಮವರ ತೋಳು ಹಿಡಿದು ಅಲ್ಲಾಡಿಸಿದೆ.

“ಬಂದ್ ಮಾಡೂ ಬಟನ್ ಇಟ್ಟಿಲ್ಲ! ಮದುವ್ಯಾಗ ಇರೂದಿಲ್ಲಲ್ಲ!”

ಆಗ ನನಗೆ ಬುದ್ಧಿ ಬಂತು. ಪಂಕ್ತಿಯಲ್ಲಿ ಬಾಯಿಂದ ಹೇಳಿದ ‘ಸಾಕು’ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾಗಿ ಸಾಕಾದವರು ಎಲೆಯ ಮೇಲೆ ಬಗ್ಗಿ ಎರಡೂ ಕೈ ಅಡ್ಡ ಇಡುತ್ತಾರೆ. ಅಂದು ಅಣ್ಣ ಬಕೀಟಿನ ಬಾಯಿ ಮುಚ್ಚಿದಾಗ ಅದು ಸುಮ್ಮನಾದದ್ದು ಅದಕ್ಕೇ!

“ವೈನಿ! ಎಲಿ ಮುಚ್ಚ್ರಿ!” ಎಂದು ಕಿರುಚಿದೆ. “ಕ್ಯಾಮೆರಾದ ಮುಂದ, ಎಲಿ ಮುಚ್ಚಿದಂಗ!”

ಬೇರೆ ಯಾರಿಗಾದರೂ ಹೇಳಿದ್ದರೆ ಏನೆಂದು ಕೇಳುತ್ತಿದ್ದರು. ವೈನಿ ಕೇಳಲಿಲ್ಲ. ಮುಂದಕ್ಕೆ ಬಗ್ಗಿ, ಎರಡೂ ಅಂಗೈಗಳನ್ನು ಕ್ಯಾಮೆರಾದ ಕೆಳಗೆ ಆ ಬೋರ್ಡಿನ ಮೇಲೆ ಊರಿ, ತಲೆ ತಗ್ಗಿಸಿದಳು.

“ಆತ್ರಿ. ಸಂತೋಷ,” ಎಂದಿತು ಗಾಡಿ. ಮೆಲ್ಲಗೆ, ಬಹಳ ಮೆಲ್ಲಗೆ ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ನಿಂತಿತು.

ಜನ ಇಳಿದರು. ಗಾಡಿಗೆ ಕೈ ಮುಗಿದವರೂ ಇದ್ದರು, ನಾಳೆ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದವರೂ ಇದ್ದರು. ಕೋಳಿಯೂ ಇಳಿಯಿತು. ಅಣ್ಣನ ಬೆನ್ನ ಹಿಂದೆ ನಾವಿಬ್ಬರು ಬಿಟ್ಟರೆ ಯಾರೂ ಉಳಿಯಲಿಲ್ಲ. ನಾನು ನಮ್ಮವರ ಕೈ ಹಿಡಿದೆಳೆದುಕೊಂಡು ಕೊನೆಯ ಸಾಲಿಗೆ ಹೋದೆ. ಅದು ಅಷ್ಟು ದೂರವಿತ್ತು, ಮುಂದೆ ಕೂತವರಿಗೆ ನಾವು ಇಲ್ಲದ ಹಾಗೆಯೇ.

ವೈನಿ ಬೋರ್ಡಿನ ಮೇಲಿಟ್ಟ ಕೈ ತೆಗೆದಿರಲಿಲ್ಲ. ಒಂದಕ್ಷರವೂ ಕಾಣುತ್ತಿರಲಿಲ್ಲ. ಅವಳು ಗಂಡನ ಕಡೆ ತಿರುಗಿದಳು. ಖಾಲಿ ಗಾಡಿಯಲ್ಲಿ ಅವಳ ಮಾತು ನಮ್ಮವರೆಗೂ ಕೇಳಿಸಿತು.

“ಬಸ್ಸಿನ್ಯಾಗ ಇಷ್ಟು ವರ್ಷ ಹಿಂದಿಂದ ನಿಮ್ಮ ಕುತ್ತಿಗಿ ಅಷ್ಟ ಕಾಣತಿತ್ತು ನನಗ. ಗಾಡಿ ಹೊಡಿಯೂವಾಗ ನಿಮ್ಮ ಮಾರಿ ಹೆಂಗಿರತೈತಿ ಅಂತ ಇವತ್ತ ನೋಡಿದೆ.”

ಅಣ್ಣ ಗೇರ್ ಹಾಕಿದ. ಗಾಡಿ ಸವದತ್ತಿಯ ಕಡೆ ಹೊರಟಿತು. ವೈನಿ ಮಾತಾಡತೊಡಗಿದಳು. ಮೂವತ್ತೆರಡು ವರ್ಷದ ಮಾತು. ಅಮ್ಮಿನಬಾವಿ ಸ್ಟಾಪಿನ ಹೆಂಗಸರು ಅಂದದ್ದು, ತವರಿನವರು ಅಂದದ್ದು, ಒಂದು ದಿನ ಅವನಿಗೆ ಡಬ್ಬಿಯಲ್ಲಿ ಉಪ್ಪಿಲ್ಲದ ಪಲ್ಯ ಕಟ್ಟಿದ್ದು, ಅವನು ಅದನ್ನು ಹೇಳದೆ ಉಂಡದ್ದು. ನಮ್ಮವರು ಕಣ್ಣೊರೆಸಿಕೊಂಡರು. ಯಂತ್ರ ಗೆದ್ದಿತು ಎಂದು ಬಾಯಿಬಿಡುವ ಧೈರ್ಯ ಮಾತ್ರ ಮಾಡಲಿಲ್ಲ.

ಈಗ ಪ್ರತಿ ಭಾನುವಾರ ಅವರಿಬ್ಬರೇ ಆ ಗಾಡಿಯಲ್ಲಿ ಹೋಗುತ್ತಾರೆ. ಹಿಂದೆ ಐವತ್ತು ಸೀಟು ಖಾಲಿ. ಸ್ಟಾಪಿನಲ್ಲಿ ಜನ ಕೈ ಮಾಡಿದರೆ ಅಣ್ಣನೂ ಕೈ ಮಾಡಿ ಮುಂದೆ ಹೋಗುತ್ತಾನೆ. ಕಳೆದ ವಾರ ತಿರುಗಿ ಬಂದಾಗ, ಹೋಗಿದ್ದು ಹೇಗಿತ್ತು ಎಂದು ಕೇಳಿದೆ. ಹೋಗುವಾಗ ಬರುವಾಗ ವೈನಿ ಒಂದು ಗಳಿಗೆಯೂ ಬಾಯಿ ಮುಚ್ಚಲಿಲ್ಲವಂತೆ. ಅಣ್ಣ ಮೂರು ಸಲ “ಸಾಕು” ಎಂದನಂತೆ.

ವೈನಿಯೂ ಅದೇ ಇಪ್ಪತ್ತೊಂದು ಮದುವೆಗಳಲ್ಲಿ ಬಡಿಸಿದವಳು.