ಮಾವನ ಬ್ರೇಕು ಯಾವ ಕಾಲಿಗೆ?

ನನ್ನ ಸೋದರಮಾವ ಜಗತ್ತಿನ ಯಾವ ಮೂಲೆಯ ರೇಸ್ ಟ್ರ್ಯಾಕಿನಲ್ಲಾದರೂ ಕಣ್ಣು ಮುಚ್ಚಿ ಕಾರು ಓಡಿಸಬಲ್ಲರು. ಆದರೆ ದಾವಣಗೆರೆಯ ವಿನೋಬನಗರದ ಮನೆಯಿಂದ ಮಾರ್ಕೆಟ್ಟಿಗೆ ಹೋಗಬೇಕೆಂದರೆ ಆಟೋ ಕರೆಯುತ್ತಾರೆ! ನಂಬಿಕೆ ಬರಲಿಲ್ಲವೇ? ನನಗೂ ಇನ್ನೂ ಪೂರ್ತಿ ಬಂದಿಲ್ಲ.

ಮಾವನದು ಕಂಪ್ಯೂಟರಿನ ರೇಸು. ಬಟ್ಟೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ನಡುಮನೆಗೆ ದೊಡ್ಡ ಟಿ.ವಿ. ಬಂತು. ಅದರ ಮುಂದೆ ಗುಜರಿಯಿಂದ ತಂದ ಕಾರಿನ ಸೀಟು, ಅತ್ತೆಯ ಹೊಲಿಗೆ ಯಂತ್ರದ ಟೇಬಲ್ಲಿಗೆ ಬಿಗಿದ ಸ್ಟೇರಿಂಗು, ಕೆಳಗೆ ಪೆಡಲುಗಳು. ಅರವತ್ತು ದಾಟಿದ ಮನುಷ್ಯ ಬರೀ ಬನಿಯನ್ನಿನಲ್ಲಿ ಕೂತು ತಲೆಗೆ ಹೆಲ್ಮೆಟ್ ಏರಿಸುತ್ತಾರೆ.

"ಮನೆಯೊಳಗೆ ಹೆಲ್ಮೆಟ್ ಯಾಕ ಮಾವ?"

"ರೂಲ್ಸ್ ಅಂದ್ರೆ ರೂಲ್ಸವ್ವಾ!"

ಆಯುಧಪೂಜೆಯ ದಿನ ಅತ್ತೆ ನಿಂಬೆಹಣ್ಣು ಹಿಡಿದುಕೊಂಡು ಬಂದರು. "ಇದರ ಗಾಲಿ ಎಲ್ಲೈತ್ರಿ?"

"ಟಿ.ವಿ. ಒಳಗೈತೆ."

ಅತ್ತೆ ಟಿ.ವಿ.ಯ ಹಿಂದೆಲ್ಲ ಹುಡುಕಿ, ಕೊನೆಗೆ ಬ್ರೇಕ್ ಪೆಡಲಿನ ಕೆಳಗೆ ಒಂದು ಹಣ್ಣು ಇಟ್ಟರು. ಮಾವ ಭಕ್ತಿಯಿಂದ ತುಳಿದರು. ರಸ ಒಳಗಿಳಿದು ಪೆಡಲು ಕೆಟ್ಟಿತು. ಎಂಟು ದಿನ ಬ್ರೇಕಿಲ್ಲದೆಯೇ ರೇಸು ನಡೆಯಿತು. ಎರಡು ಸಲ ಗೆದ್ದರಂತೆ!

ನಿಜವಾದ ಕಾರನ್ನು ಮಾತ್ರ ಮುಟ್ಟುವುದಿಲ್ಲ. ಕಾರಣ ಮನೆಮಂದಿಗೆಲ್ಲ ಗೊತ್ತು. ಆರು ವರ್ಷದ ಹಿಂದೆ ಹರಿಹರದಿಂದ ಬರುವಾಗ ಎಮ್ಮೆ ಅಡ್ಡ ಬಂತು. ಮಾವ ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರು, ಕಾರು ಹಳ್ಳಕ್ಕಿಳಿಯಿತು. ಅವರಿಗೆ ಒಂದು ಗೀರೂ ಆಗಲಿಲ್ಲ. ಪಕ್ಕದಲ್ಲಿದ್ದ ಅತ್ತೆಯ ಮೊಣಕಾಲು ಮುರಿಯಿತು. ಅಂದಿನಿಂದ ಅತ್ತೆ ಕುಂಟುತ್ತಾರೆ, ಮಾವ ಕಾರಿನ ಸ್ಟೇರಿಂಗ್ ಹಿಡಿಯುವುದಿಲ್ಲ. ಅತ್ತೆಗೆ ಒಂದೇ ಆಸೆ: ಮೊದಲಿನ ಹಾಗೆ ಗಂಡನೇ ಕಾರು ಓಡಿಸಿ ತವರು ಕೊಕ್ಕನೂರಿಗೆ ಕರೆದೊಯ್ಯಬೇಕು. ನಾನು ಕರೆದೊಯ್ಯುತ್ತೇನೆಂದರೆ, "ನೀ ಬ್ಯಾಡವ್ವಾ, ಅವರೇ ಓಡಿಸ್ಬೇಕು" ಎನ್ನುತ್ತಾರೆ. ಇದ್ಯಾವ ಹಟವೋ ನನಗಂತೂ ತಿಳಿಯದು.

ಈಚೆಗೆ ಹರಿಹರದ ದಾರಿಯಲ್ಲಿ ಕಾರ್ಟ್ ಟ್ರ್ಯಾಕ್ ಶುರುವಾಯಿತು. ಮಣೆಯಷ್ಟೇ ಎತ್ತರದ, ನಾಲ್ಕು ಗಾಲಿಯ ಪುಟ್ಟ ಗಾಡಿಗಳು. ಕಂಪ್ಯೂಟರ್ ಆಯಿತು, ಇನ್ನು ಕಾರ್ಟ್, ಆಮೇಲೆ ಕಾರು ಎಂದು ಮಾವ ಲೆಕ್ಕ ಹಾಕಿದರು. ಒಂದು ಭಾನುವಾರ ಬೆಳಿಗ್ಗೆ ನಾನೇ ಅವರ ಕಾರಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೊರಟೆ. ಹಿಂದಿನ ಸೀಟಿನಿಂದ ಪಾಠ ಶುರು!

"ತಿರುವಿನಾಗೆ ಹೊರಗಿಂದ ಬಂದು, ಒಳಮೂಲೆ ಸವರಿ, ಮತ್ತೆ ಹೊರಗೆ ಹೋಗ್ಬೇಕವ್ವಾ."

"ಹಂಗೆ ಹೋದ್ರೆ ಎದುರಿಗೆ ಬಸ್ ಬರ್ತೈತೆ ಮಾವ!"

ಕಾರ್ಟಿನಲ್ಲಿ ಮಾವ ಮನೆಯ ಹಾಗೆಯೇ ತಿರುವಿನ ಒಳಗೂ ಬ್ರೇಕ್ ಒತ್ತಿ ಹಿಡಿದರು. ಆ ಗಾಡಿಗೆ ಬ್ರೇಕಿರುವುದು ಹಿಂದಿನ ಗಾಲಿಗೆ ಮಾತ್ರ. ಗಿರ್ರನೆ ತಿರುಗಿ, ಬಂದ ಕಡೆಗೇ ಮುಖ ಮಾಡಿ ನಿಂತಿತು. ಮಾವ ಸ್ಟೇರಿಂಗನ್ನೆಲ್ಲ ತಡವತೊಡಗಿದರು. ಟ್ರ್ಯಾಕಿನವರು ಓಡಿ ಬಂದರು.

"ಏನ್ ಹುಡುಕ್ತೀರಿ ಯಜಮಾನ್ರೇ?"

"ಮೊದಲಿಂದ ಶುರು ಮಾಡೋ ಬಟನ್ನು."

"ಅದೆಲ್ಲ ಇಲ್ರೀ ಇಲ್ಲಿ. ದೂಡಿ ಕೊಡ್ತೀವಿ, ಹೋಗ್ರಿ."

ಆಮೇಲೆ ಎಷ್ಟು ನಿಧಾನ ಹೋದರೆಂದರೆ, ಹಿಂದೆ ಬಂದವರೆಲ್ಲ ಎರಡೆರಡು ಸಲ ದಾಟಿ ಹೋದರು. ಮಾವ ಇಳಿದವರೇ ಪಕ್ಕೆ ಹಿಡಿದುಕೊಂಡು ವರದಿ ಒಪ್ಪಿಸಿದರು. "ಕಂಪ್ಯೂಟರಿನಾಗೆ ಗಾಡಿ ಜಾರಿದ್ರೆ ಕಣ್ಣಿಗೆ ಕಾಣ್ತೈತೆ. ಇಲ್ಲಿ ಮೊದಲು ಕುಂಡಿಗೆ ಗೊತ್ತಾಗ್ತೈತೆ."

"ಥೂ, ಹುಡುಗಿ ಮುಂದೆ ಏನ್ ಮಾತ್ರಿ!" ಎಂದರು ಬೆಂಚಿನ ಮೇಲಿದ್ದ ಅತ್ತೆ.

"ಇರೋದನ್ನ ಹೇಳ್ದೆ. ಅಲ್ಲಿ ಎಡಗಾಲಿಗೆ ಬ್ರೇಕು. ಇಲ್ಲೂ ಎಡಗಾಲಿಗೆ. ಕಾರಿನಾಗೆ ಬಲಗಾಲಿಗೆ. ನನ್ನ ಕಾಲಿಗೇ ತಲೆ ಕೆಟ್ಟೈತೆ!"

ನನಗೂ ತಲೆ ಕೆಟ್ಟಿತ್ತು. ಮನೆಯಲ್ಲಿ ಹುಲಿ, ಇಲ್ಲಿ ಬಸವನಹುಳು. ಇದರಲ್ಲಿ ನಿಜವಾದ ಮಾವ ಯಾರು? ನಗುತ್ತಲೇ ಕೇಳಿದೆ. ಅವರು ನಗಲಿಲ್ಲ.

"ಅಲ್ಲಿ ನಂಗೆ ಹೆದರಿಕೆ ಆಗಲ್ಲವ್ವಾ. ಇಲ್ಲಿ ಗಾಡಿ ತಿರುಗಿದ ಕೂಡ್ಲೇ ಆ ಹಳ್ಳ ಕಣ್ಣ ಮುಂದೆ ಬಂತು. ನಿಮ್ಮತ್ತೆ ಕೂಗಿದ್ದು ಕೇಳಿಸ್ತು. ನನ್ನ ಕೈಲಿ ಆಗಲ್ಲ. ಮನೆಗೆ ಹೋಗಾನ."

ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅತ್ತೆ ಎದ್ದು, ಕುಂಟುತ್ತ ಕಾರಿನ ಹತ್ತಿರ ಹೋಗಿ, ಆರು ವರ್ಷದಿಂದ ಕೂರದಿದ್ದ ಮುಂದಿನ ಎಡ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

"ಬರ್ರಿ. ಕೊಕ್ಕನೂರಿಗೆ ಹೋಗಾನ."

ಮಾವ ಕಿಟಕಿಯ ಹತ್ತಿರ ನಿಂತುಬಿಟ್ಟರು. "ನಿಂಗೆ ಹೆದರಿಕೆ ಇಲ್ವಾ?"

"ಐತ್ರೀ. ಟಿ.ವಿ. ಒಳಗಿನ ಹಂಗೆ ಓಡಿಸೋರ ಪಕ್ಕ ನಾ ಕೂರ್ತಿರ್ಲಿಲ್ಲ. ಈಗ ಮೆಲ್ಲಕೆ ಓಡಿಸಿದ್ರಲ್ಲ, ಹಂಗೆ ಓಡಿಸ್ರಿ."

ನಾನು ಬೀಗದ ಕೈ ಕೊಟ್ಟು ಹಿಂದೆ ಕೂತೆ. ಮಾವ ಪೆಡಲುಗಳನ್ನು ಬಗ್ಗಿ ಬಗ್ಗಿ ನೋಡಿ, ಬಲಗಾಲನ್ನು ಬ್ರೇಕಿನ ಮೇಲಿಟ್ಟು, ಅಲ್ಲೇ ಮೂರು ಸಲ ಒತ್ತಿ ನೋಡಿದರು. ಕಾರು ಹೊರಟಿತು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿದರು, ಹಾಲಿನ ಆಟೋದವರು ಹಾರ್ನ್ ಹೊಡೆದು ಬೈದುಕೊಂಡು ಹೋದರು. ಮಾವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಅತ್ತೆ ದಾರಿಯುದ್ದಕ್ಕೂ ಎರಡೂ ಕೈಯಿಂದ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಒಮ್ಮೆಯೂ "ನಿಲ್ಲಿಸ್ರಿ" ಎನ್ನಲಿಲ್ಲ.